ಅಧಿಕ ಜ್ಯೇಷ್ಠದಲ್ಲಿ ಬೀಜ ಹಾಕಬಹುದೇ? ಬೇಸಿಗೆ ಕೊನೆಯ ತೋಟಗೆಲಸ ಮತ್ತು ಪಂಚಾಂಗದ ಲೆಕ್ಕ

ಈ ವರ್ಷ, 2026ರಲ್ಲಿ, ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ತೋಟ ಇಟ್ಟುಕೊಂಡವರಿಗೆ ವರ್ಷದಲ್ಲೇ ಅತ್ಯಂತ ಗಡಿಬಿಡಿಯ ದಿನಗಳೂ ಇವೇ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಸಸಿಗೆ ಗುಂಡಿ ಸಿದ್ಧವಾಗಬೇಕು. ಹೊಸದುರ್ಗ, ಹಿರಿಯೂರು ಕಡೆ ತೆಂಗಿನ ಬುಡ ಬಿಡಿಸಿ ಗೊಬ್ಬರಕ್ಕೆ ಅಣಿ ಮಾಡಬೇಕು. ಊರೊಳಗಿನ ಮನೆಗಳ ಹಿತ್ತಿಲಲ್ಲಿ, ತಾರಸಿಯಲ್ಲಿ ಬದನೆ, ಮೆಣಸಿನಕಾಯಿ ಬೀಜ ಸಸಿಮಡಿಗೆ ಬೀಳಬೇಕು. ಸರಿಯಾಗಿ ಇದೇ ಹೊತ್ತಿಗೆ ಮನೆಯ ಹಿರಿಯರಿಂದ ಒಂದು ಮಾತು ಬರುತ್ತದೆ: ಅಧಿಕ ಮಾಸದಲ್ಲಿ ಹೊಸದೇನನ್ನೂ ಆರಂಭಿಸಬಾರದು. ಇನ್ನೊಂದು ಕಡೆ ಮೊಬೈಲಿನಲ್ಲಿ ಚಂದ್ರನ ಕ್ಯಾಲೆಂಡರುಗಳು ಹರಿದಾಡುತ್ತಿವೆ. ಇಂದು ಬೇರಿನ ದಿನ, ನಾಳೆ ಎಲೆಯ ದಿನ, ನಾಡಿದ್ದು ಏನೂ ಬಿತ್ತಬೇಡಿ ಎನ್ನುತ್ತವೆ. ಹೊಸದಾಗಿ ಕೈತೋಟ ಮಾಡುತ್ತಿರುವವರು ಬೀಜದ ಪೊಟ್ಟಣ ಕೈಯಲ್ಲಿ ಹಿಡಿದು, ಯಾರ ಮಾತು ಕೇಳಬೇಕೆಂದು ತಿಳಿಯದೆ ನಿಂತಿದ್ದಾರೆ.

ಈ ಗೊಂದಲ ಬಿಡಿಸುವುದು ಕಷ್ಟವೇನಲ್ಲ. ಪಂಚಾಂಗ ಚಂದ್ರನ ಲೆಕ್ಕವನ್ನೂ ಸೂರ್ಯನ ಲೆಕ್ಕವನ್ನೂ ಜೊತೆಜೊತೆಗೆ ಇಟ್ಟುಕೊಂಡಿದೆ. ಅಧಿಕ ಮಾಸ ಬರುವುದು ಚಂದ್ರನ ಲೆಕ್ಕದಲ್ಲಿ. ನಮ್ಮ ಕಡೆಯ ರೈತರು ಮಳೆ, ಬಿತ್ತನೆಗೆ ನೆಚ್ಚಿಕೊಂಡು ಬಂದಿರುವುದು ಸೂರ್ಯನ ಲೆಕ್ಕವನ್ನು. ಇದೊಂದು ಸ್ಪಷ್ಟವಾದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ತಿಂಗಳೊಂದು ಹೆಚ್ಚಾದದ್ದು ಹೇಗೆ

ಪಂಚಾಂಗದ ಐದು ಅಂಗಗಳು ತಿಥಿ, ವಾರ, ನಕ್ಷತ್ರ, ಯೋಗ, ಕರಣ. ತೋಟದವರಿಗೆ ಬೇಕಾದದ್ದು ತಿಥಿ ಮತ್ತು ನಕ್ಷತ್ರ.

ಆಕಾಶದಲ್ಲಿ ಸೂರ್ಯ ದಿನಕ್ಕೆ ಸುಮಾರು 1 ಡಿಗ್ರಿ ಸರಿದರೆ ಚಂದ್ರ ಸುಮಾರು 13 ಡಿಗ್ರಿ ಸರಿಯುತ್ತಾನೆ. ಹಾಗಾಗಿ ಇಬ್ಬರ ನಡುವಿನ ಅಂತರ ದಿನಕ್ಕೆ ಸುಮಾರು 12 ಡಿಗ್ರಿ ಹೆಚ್ಚುತ್ತ ಹೋಗುತ್ತದೆ. ಆ 12 ಡಿಗ್ರಿಗೆ ಒಂದು ತಿಥಿ. ಇಬ್ಬರೂ ಒಂದೇ ನೇರಕ್ಕೆ ಬಂದಾಗ ಅಮಾವಾಸ್ಯೆ, ಎದುರುಬದುರಾದಾಗ ಹುಣ್ಣಿಮೆ. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗಿನ 15 ತಿಥಿಗಳು ಶುಕ್ಲಪಕ್ಷ, ಅಲ್ಲಿಂದ ಮತ್ತೆ ಅಮಾವಾಸ್ಯೆಯವರೆಗೆ ಕೃಷ್ಣಪಕ್ಷ. ಕರ್ನಾಟಕದಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಈ ಇಡೀ ಸುತ್ತಿಗೆ ಬೇಕಾಗುವುದು ಸರಾಸರಿ 29.53 ದಿನ.

ಇಂತಹ 12 ತಿಂಗಳು ಸೇರಿದರೆ ಸುಮಾರು 354 ದಿನ. ಬೇಸಿಗೆ, ಮಳೆಗಾಲ, ಚಳಿಗಾಲ ಒಂದು ಸುತ್ತು ತಿರುಗಲು 365 ದಿನಕ್ಕಿಂತ ತುಸು ಹೆಚ್ಚು ಬೇಕು. ಹಾಗಾಗಿ ಚಂದ್ರನ ವರ್ಷ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಮುಗಿದುಬಿಡುತ್ತದೆ. ಇದನ್ನು ಹೀಗೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಯುಗಾದಿ ಚಳಿಗಾಲಕ್ಕೆ ಬಂದು ನಿಲ್ಲುತ್ತದೆ. ಹಾಗಾಗದಂತೆ ಸುಮಾರು 32–33 ತಿಂಗಳಿಗೊಮ್ಮೆ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸುತ್ತಾರೆ. 19 ವರ್ಷದಲ್ಲಿ ಇಂತಹ 7 ತಿಂಗಳು ಬರುತ್ತವೆ.

ಯಾವ ತಿಂಗಳು ಅಧಿಕ ಎಂಬುದಕ್ಕೂ ಖಚಿತವಾದ ನಿಯಮವಿದೆ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವುದೇ ಸಂಕ್ರಮಣ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯೊಳಗೆ ಸಂಕ್ರಮಣ ಬಾರದಿದ್ದರೆ ಆ ತಿಂಗಳು ಅಧಿಕ. ಈ ಸಲ ಮೇ ಮಧ್ಯದ ಅಮಾವಾಸ್ಯೆಯಿಂದ ಜೂನ್ 15ರ ಬೆಳಗಿನ ಅಮಾವಾಸ್ಯೆಯವರೆಗೆ ಸೂರ್ಯ ವೃಷಭ ರಾಶಿಯಲ್ಲೇ ಇರುತ್ತಾನೆ. ಮಿಥುನ ಸಂಕ್ರಮಣ ಬರುವುದು ಅದೇ ದಿನ ಅಮಾವಾಸ್ಯೆ ಮುಗಿದ ಮೇಲೆ. ಕೆಲವೇ ಗಂಟೆಗಳ ಅಂತರದಲ್ಲಿ ಒಂದು ಇಡೀ ತಿಂಗಳು ಅಧಿಕವಾಗಿದೆ. 2018ರಲ್ಲಿಯೂ ಜ್ಯೇಷ್ಠವೇ ಅಧಿಕವಾಗಿತ್ತು, 2023ರಲ್ಲಿ ಶ್ರಾವಣ ಆಗಿತ್ತು.

ಅಂದರೆ ಅಧಿಕ ಮಾಸ ಎಂಬುದು ಲೆಕ್ಕ ಸರಿದೂಗಿಸುವ ತಿಂಗಳು. ಅದು ಬಂದಿದೆ ಎಂದು ಮಣ್ಣಿನ ತೇವ, ಗಾಳಿಯ ದಿಕ್ಕು, ಮೋಡ ಯಾವುದೂ ತಡವಾಗುವುದಿಲ್ಲ.

ರೋಹಿಣಿ ಎರಡು: ದಿನದ್ದೊಂದು, ಮಳೆಯದ್ದೊಂದು

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಪಂಚಾಂಗ ತೆರೆದರೆ "ಇಂದು ರೋಹಿಣಿ ನಕ್ಷತ್ರ" ಎಂದಿರುತ್ತದೆ. ಹೊಲದ ಬದುವಿನ ಮೇಲೆ ನಿಂತವರು "ರೋಹಿಣಿ ಮಳೆ ಹಿಡಿಯಿತು" ಎನ್ನುತ್ತಾರೆ. ಎರಡೂ ಒಂದಲ್ಲ.

ಆಕಾಶದ ಸುತ್ತು ದಾರಿಯನ್ನು 27 ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ನಕ್ಷತ್ರದ ಹೆಸರು ಇಟ್ಟಿದ್ದಾರೆ. ಪಂಚಾಂಗದ ದಿನನಕ್ಷತ್ರ ಎಂದರೆ ಆ ದಿನ ಚಂದ್ರ ಇರುವ ಭಾಗ. ಅವನು ಹೆಚ್ಚುಕಡಿಮೆ ದಿನಕ್ಕೊಂದು ಭಾಗ ದಾಟುತ್ತಾನೆ, ಆದ್ದರಿಂದ ರೋಹಿಣಿ ಪ್ರತಿ 27 ದಿನಕ್ಕೊಮ್ಮೆ ಬರುತ್ತದೆ. ಮಳೆ ನಕ್ಷತ್ರ ಎಂದರೆ ಸೂರ್ಯ ಇರುವ ಭಾಗ. ಸೂರ್ಯನಿಗೆ ಒಂದು ಭಾಗ ದಾಟಲು 13–14 ದಿನ ಬೇಕು. ಆದ್ದರಿಂದ ರೋಹಿಣಿ ಮಳೆ ವರ್ಷಕ್ಕೆ ಒಂದೇ ಸಲ, ಅದೂ ಪ್ರತಿ ವರ್ಷ ಬಹುತೇಕ ಅದೇ ದಿನಾಂಕಕ್ಕೆ.

ಗೋಡೆ ಗಡಿಯಾರವನ್ನು ನೆನೆಸಿಕೊಂಡರೆ ಇದು ಬೇಗ ಹೊಳೆಯುತ್ತದೆ. ಚಂದ್ರ ದೊಡ್ಡ ಮುಳ್ಳು, ಸೂರ್ಯ ಚಿಕ್ಕ ಮುಳ್ಳು. ಚಿಕ್ಕದು ಒಂದು ಸುತ್ತು ಬರುವಷ್ಟರಲ್ಲಿ ದೊಡ್ಡದು ಹನ್ನೆರಡು ಸುತ್ತು ಹಾಕಿರುತ್ತದೆ. ದೊಡ್ಡ ಮುಳ್ಳೊಂದನ್ನೇ ನೋಡಿದರೆ ಇಪ್ಪತ್ತು ನಿಮಿಷವಾಗಿದೆ ಎಂಬುದು ತಿಳಿಯುತ್ತದೆ, ಬೆಳಗಿನ ಏಳೋ ಹತ್ತೋ ತಿಳಿಯುವುದಿಲ್ಲ. ಶುಕ್ಲಪಕ್ಷದ ಪಂಚಮಿ ಎಂದಷ್ಟೇ ಹೇಳಿದರೆ ಋತು ಯಾವುದೆಂದು ತಿಳಿಯದಿರುವುದೂ ಹೀಗೆಯೇ.

ಕಾರಹುಣ್ಣಿಮೆಯ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುವ ಈ ಹಬ್ಬ ಜ್ಯೇಷ್ಠದ ಹುಣ್ಣಿಮೆಗೆ ಬರುತ್ತದೆ. ಬಿತ್ತನೆಯ ಕಾಲದ ಹಬ್ಬವೆಂದೇ ಹೆಸರು. 2023ರಲ್ಲಿ ಅದು ಜೂನ್ ಮೊದಲ ವಾರ ಬಂತು, 2024ರಲ್ಲಿ ಜೂನ್ 21–22ಕ್ಕೆ, 2025ರಲ್ಲಿ ಜೂನ್ 10–11ಕ್ಕೆ. ಈ ವರ್ಷ ಅಧಿಕ ಮುಗಿದ ಮೇಲೆ ಬರುವ ನಿಜ ಜ್ಯೇಷ್ಠದಲ್ಲಿ, ಜೂನ್ ಕೊನೆಗೆ ಹೋಗಿದೆ. ಕಾರಹುಣ್ಣಿಮೆ ಕಳೆದ ಮೇಲೆಯೇ ಬೀಜ ಎಂದು ಕುಳಿತರೆ ಒಂದು ವರ್ಷಕ್ಕೂ ಇನ್ನೊಂದಕ್ಕೂ ಮೂರು ವಾರಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಮಳೆ ನಕ್ಷತ್ರ ಮಾತ್ರ ಕದಲುವುದಿಲ್ಲ. ಏಪ್ರಿಲ್ 27ರ ಹೊತ್ತಿಗೆ ಭರಣಿ, ಮೇ 11ರ ಹೊತ್ತಿಗೆ ಕೃತ್ತಿಕೆ, ಮೇ 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, ಜೂನ್ 22ಕ್ಕೆ ಆರಿದ್ರೆ. ಒಂದು ದಿನ ಆಚೀಚೆ, ಅಷ್ಟೆ. "ಭರಣಿ ಮಳೆ ಬಂದರೆ ಧರಣಿ ಬೆಳೆದೀತು", "ರೋಹಿಣಿ ಮಳೆಗೆ ಓಣಿ ತುಂಬ ಜೋಳ" ಎಂಬಂತಹ ಗಾದೆಗಳು ಕಟ್ಟಿಕೊಂಡಿರುವುದು ಈ ಸೂರ್ಯನ ಲೆಕ್ಕದ ಮೇಲೆ. ಚಂದ್ರನನ್ನು ಹಬ್ಬಕ್ಕೆ ಇಟ್ಟುಕೊಂಡು ಬಿತ್ತನೆಗೆ ಸೂರ್ಯನನ್ನು ಆರಿಸಿಕೊಂಡವರ ವಿವೇಕ ದೊಡ್ಡದು.

ಸೂರ್ಯನ ಲೆಕ್ಕದಲ್ಲೂ ಒಂದು ಸಣ್ಣ ಸರಿದಾಟವಿದೆ. ನಕ್ಷತ್ರ ಆಧರಿಸಿದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಆದ್ದರಿಂದ 72 ವರ್ಷಕ್ಕೆ ಸುಮಾರು ಒಂದು ದಿನ, ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಇಡೀ ಮಳೆ ನಕ್ಷತ್ರದಷ್ಟು ವ್ಯತ್ಯಾಸ ಬೀಳುತ್ತದೆ. ಒಬ್ಬರ ಆಯುಷ್ಯದಲ್ಲಿ ಇದು ಗೊತ್ತಾಗುವಂಥದ್ದಲ್ಲ.

ಭರಣಿಯಿಂದ ಆರಿದ್ರೆಯವರೆಗೆ ತೋಟದಲ್ಲಿ ಏನೇನು

ನಮ್ಮ ಕಡೆ ಬೇಸಿಗೆಯ ಕೊನೆ ಎಂದರೆ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ. ಮಧ್ಯಾಹ್ನದ ಬಿಸಿಲು ತಡೆಯಲಾಗದಷ್ಟು ಇರುತ್ತದೆ, ಸಂಜೆಗೆ ಗುಡುಗು ಮಿಂಚಿನ ಮಳೆ ಒಂದು ಓಣಿಗೆ ಬಿದ್ದು ಪಕ್ಕದ ಓಣಿಗೆ ಬೀಳದೆ ಹೋಗುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಒಣ ಸೀಮೆ. ಚನ್ನಗಿರಿ ಮಲೆನಾಡಿಗೆ ತಾಗಿಕೊಂಡಿದೆ. ಆದ್ದರಿಂದ ಒಂದೇ ಪಟ್ಟಿ ಎಲ್ಲರಿಗೂ ಹೊಂದುವುದಿಲ್ಲ. ಕೆಲಸದ ಸರದಿ ಮಾತ್ರ ಎಲ್ಲೆಡೆ ಒಂದೇ: ಮೊದಲು ಬಿಸಿಲಿನ ಉಪಯೋಗ, ನಂತರ ಹದದ ಉಪಯೋಗ, ಕೊನೆಗೆ ಗಾಳಿಯಿಂದ ರಕ್ಷಣೆ.

ಬಿಸಿಲನ್ನು ದುಡಿಸಿಕೊಳ್ಳಲು ಭರಣಿ, ಕೃತ್ತಿಕೆಯ ದಿನಗಳಿಗಿಂತ ಒಳ್ಳೆಯ ಕಾಲವಿಲ್ಲ. ಸಸಿಮಡಿ ಮಾಡುವ ಜಾಗವನ್ನು ಅಗೆದು, ಹೆಂಟೆ ಒಡೆದು, ಸಮ ಮಾಡಿ, ಚೆನ್ನಾಗಿ ನೀರುಣಿಸಿ, ಪಾರದರ್ಶಕ ತೆಳು ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂಳಬೇಕು. ನಾಲ್ಕರಿಂದ ಆರು ವಾರ ಹಾಗೇ ಬಿಟ್ಟರೆ ಒಳಗಿನ ಮೇಲ್ಮಣ್ಣು ಹೊರಗಿನದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚು ಕಾಯುತ್ತದೆ. ಸಸಿ ಕೊಳೆಸುವ ಶಿಲೀಂಧ್ರಗಳು, ಜಂತುಹುಳು, ಕಳೆಯ ಬೀಜ ಬಹುಮಟ್ಟಿಗೆ ಸಾಯುತ್ತವೆ. ಹಾಳೆ ಕಪ್ಪಾಗಿದ್ದರೆ ಬಿಸಿಲನ್ನು ಅದೇ ಹೀರಿಕೊಳ್ಳುವುದರಿಂದ ಮಣ್ಣು ಅಷ್ಟು ಕಾಯುವುದಿಲ್ಲ. ಮಣ್ಣು ಒಣಗಿದ್ದರೂ ಕೆಲಸ ಕೆಡುತ್ತದೆ, ಏಕೆಂದರೆ ಬಿಸಿ ಆಳಕ್ಕೆ ಇಳಿಯಲು ತೇವ ಬೇಕು. ಹಾಳೆ ತೆಗೆದ ಮೇಲೆ ಆಳವಾಗಿ ಅಗೆಯಬಾರದು. ಕೆಳಗೆ ಬದುಕಿ ಉಳಿದ ಕಳೆಬೀಜ ಮೇಲೆ ಬಂದುಬಿಡುತ್ತದೆ. ಒಳ್ಳೆಯ ಸೂಕ್ಷ್ಮಜೀವಿಗಳೂ ಬಿಸಿಗೆ ಕಡಿಮೆಯಾಗಿರುವುದರಿಂದ ಕಳಿತ ಗೊಬ್ಬರದ ಜೊತೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿ ಹಾಕಬೇಕು.

ಗುಂಡಿ ತೆಗೆಯುವುದೂ ಇದೇ ಕಾಲದ ಕೆಲಸ. ತೆಂಗು, ಮಾವಿಗೆ ಉದ್ದ, ಅಗಲ, ಆಳ ಒಂದೊಂದು ಮೀಟರ್. ನಿಂಬೆ, ಸೀಬೆಗೆ 60 ಸೆಂಟಿಮೀಟರ್ ಸಾಕು. ಅಗೆಯುವಾಗ ಮೇಲಿನ ಅರ್ಧದ ಮಣ್ಣನ್ನು ಒಂದು ಬದಿಗೆ, ಕೆಳಗಿನ ಅರ್ಧದ ಮಣ್ಣನ್ನು ಇನ್ನೊಂದು ಬದಿಗೆ ರಾಶಿ ಹಾಕಬೇಕು. ಮೇಲ್ಮಣ್ಣು ಬಣ್ಣದಲ್ಲಿ ತುಸು ಕಡು, ಕೈಯಲ್ಲಿ ಉದುರುದುರು. ಕೆಳಗಿನದು ಗಟ್ಟಿ, ಹಲವೆಡೆ ಗರಸು ಬೆರೆತದ್ದು. ಎರಡು ಮೂರು ವಾರ ಬಿಸಿಲು ತಾಗಿದ ಮೇಲೆ ತುಂಬುವಾಗ ಸಾರವಿರುವ ಮೇಲ್ಮಣ್ಣನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯ ಜೊತೆ ಬೆರೆಸಿ ಮೊದಲು ಇಳಿಸಬೇಕು. ಎಳೆಯ ಬೇರು ಮೊದಲು ಇಳಿಯುವುದು ಅಲ್ಲಿಗೆ. ಅಗೆದದ್ದನ್ನೆಲ್ಲ ಒಂದೇ ರಾಶಿ ಮಾಡಿ ಮತ್ತೆ ತಳ್ಳಿದರೆ ಇಷ್ಟು ಆಳ ಅಗೆದ ಶ್ರಮದ ಅರ್ಧ ಫಲ ಹೋಯಿತು.

ನಂತರ ಹದ. ಈ ಒಂದು ಸಂಗತಿಯನ್ನು ಕಲಿತವರಿಗೆ ಯಾವ ಕ್ಯಾಲೆಂಡರಿನ ಹಂಗೂ ಅಷ್ಟಾಗಿ ಬೇಕಾಗುವುದಿಲ್ಲ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಕಾದ ನೆಲಕ್ಕೆ ಐದು ಮಿಲಿಮೀಟರ್ ಬಿದ್ದರೆ ಮಣ್ಣಿನ ವಾಸನೆ ಏಳುತ್ತದೆ, ಮನಸ್ಸಿಗೆ ಹಿತವಾಗುತ್ತದೆ, ಮಾರನೆಯ ಮಧ್ಯಾಹ್ನದೊಳಗೆ ಆವಿಯಾಗಿ ಹೋಗಿರುತ್ತದೆ. ಆ ತೇವವನ್ನು ನಂಬಿ ಹಾಕಿದ ಬೀಜ ಮೊಳೆತು, ಬೇರು ಇಳಿಯುವಷ್ಟರಲ್ಲಿ ಕೆಳಗೆ ಒಣ ಮಣ್ಣು ಸಿಕ್ಕಿ ಸಾಯುತ್ತದೆ. ಆದ್ದರಿಂದ ಮಳೆಯ ಮರುದಿನ ಒಂದು ಗೇಣು ಆಳದಿಂದ ಮುಷ್ಟಿ ಮಣ್ಣು ತೆಗೆದು ಅದುಮಿ ನೋಡಬೇಕು. ಉಂಡೆ ಕಟ್ಟದೆ ಉದುರಿದರೆ ಹದ ಇನ್ನೂ ಬಂದಿಲ್ಲ. ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಟ್ಟಾಗ ನಾಲ್ಕಾರು ಚೂರಾದರೆ ಬಿತ್ತಬಹುದು. ಬಿದ್ದರೂ ಒಡೆಯದೆ ಚಪ್ಪಟೆಯಾಗಿ ಬೆರಳಿಗೆ ಅಂಟಿದರೆ ಒಂದೆರಡು ದಿನ ಕಾಯಬೇಕು. ಎರೆ ಮಣ್ಣಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಸಿ ಎರೆಯನ್ನು ತುಳಿದು ಗಟ್ಟಿ ಮಾಡಿದರೆ ಒಣಗಿದ ಮೇಲೆ ಅದು ಸಡಿಲವಾಗುವುದಿಲ್ಲ. ಕೆಂಪು ಮಣ್ಣು ಬೇಗ ಹದಕ್ಕೆ ಬಂದು ಅಷ್ಟೇ ಬೇಗ ಒಣಗುತ್ತದೆ.

ಹದ ಸಿಕ್ಕಾಗ ಮೊದಲು ನೆಲ ಸೇರಬೇಕಾದವು ಸುವರ್ಣಗೆಡ್ಡೆ, ಅರಿಶಿಣ, ಶುಂಠಿ. ಇವು ಮೊಳೆಯಲು ನಿಧಾನ, ಬಲಿಯಲು ತಿಂಗಳುಗಟ್ಟಲೆ ಬೇಕು. ಹೀರೆ, ಸೋರೆ, ಕುಂಬಳ, ಪಡವಲವನ್ನು ನೇರ ಗುಣಿಗೆ ಹಾಕಬಹುದು. ಬದನೆ, ಟೊಮೆಟೊ, ಮೆಣಸಿನಕಾಯಿಯನ್ನು ಮಡಿಯಲ್ಲಿ ಬೆಳೆಸಿ ಕಿತ್ತು ನೆಡಬೇಕು. ಟೊಮೆಟೊ ಸಸಿಗೆ 25–30 ದಿನ, ಬದನೆಗೆ 30–35, ಮೆಣಸಿನಕಾಯಿಗೆ 40–45 ದಿನ ಬೇಕು. ಜುಲೈ ಮೊದಲೆರಡು ವಾರದಲ್ಲಿ ಮೆಣಸಿನ ಸಸಿ ನೆಡಬೇಕೆಂದರೆ ಬೀಜ ರೋಹಿಣಿ ಹಿಡಿದ ಕೂಡಲೇ ಮಡಿಗೆ ಬೀಳಬೇಕು. ಈ ವರ್ಷ ಆ ದಿನಗಳು ಪೂರ್ತಿ ಅಧಿಕ ಮಾಸದೊಳಗೇ ಇವೆ. ನಿಜ ಜ್ಯೇಷ್ಠಕ್ಕೆ ಕಾದರೆ ಸಸಿ ಕೈಗೆ ಬರುವಾಗ ಜುಲೈ ಮುಗಿಯುತ್ತ ಬಂದಿರುತ್ತದೆ.

ಮಡಿ ಒಂದು ಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರವಿದ್ದರೆ ನೀರು ನಿಲ್ಲುವುದಿಲ್ಲ, ಎರಡೂ ಬದಿಯಿಂದ ಕೈ ತಲಪುತ್ತದೆ. ಮಣ್ಣು 35 ಡಿಗ್ರಿ ದಾಟಿ ಕಾದಿದ್ದರೆ ಟೊಮೆಟೊ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಆದ್ದರಿಂದ ಮೊಳಕೆ ಕಾಣುವವರೆಗೆ ಹುಲ್ಲು ಹೊದಿಸಿ, ಸಂಜೆ ನೀರು ಕೊಟ್ಟು, ಮೊಳಕೆ ಎದ್ದ ಕೂಡಲೇ ಹುಲ್ಲು ತೆಗೆಯಬೇಕು. ತಾರಸಿಯ ಕುಂಡಗಳಿಗೆ ಕಾದ ಕಾಂಕ್ರೀಟಿನಿಂದಲೂ ಬಿಸಿ ಏರುತ್ತದೆ. ಅವನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು ನೆರಳು ಪರದೆ ಕಟ್ಟುವುದು ಒಳ್ಳೆಯದು.

ಮರಗಳ ಬುಡಕ್ಕೆ ಮುಚ್ಚಿಗೆ ಮಾಡಲು ನಮ್ಮಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಚನ್ನಗಿರಿ ಕಡೆ ಅಡಿಕೆ ಸಿಪ್ಪೆ, ಹೊಸದುರ್ಗದಲ್ಲಿ ತೆಂಗಿನ ಗರಿ, ಚಳ್ಳಕೆರೆ ಸುತ್ತ ಶೇಂಗಾ ಸಿಪ್ಪೆ. ಇವನ್ನು ಬದುವಿನಲ್ಲಿ ಸುಡುವುದನ್ನು ಕಂಡಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಅಡಿಕೆ ತೋಟದ ಬಸಿಗಾಲುವೆಗಳ ಹೂಳನ್ನು ಮೃಗಶಿರಕ್ಕೆ ಮುಂಚೆ ಎತ್ತಬೇಕು. ಮಲೆನಾಡಿಗೆ ಹತ್ತಿರದ, ಕೊಳೆರೋಗ ಬರುವ ತೋಟಗಳಲ್ಲಿ ಶೇಕಡಾ 1ರ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ ಆಗಬೇಕು. 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದಕ್ಕೆ ಕಾರಣವಿದೆ. ಜೂನ್, ಜುಲೈನಲ್ಲಿ ಇಲ್ಲಿ ಮಳೆಗಿಂತ ಗಾಳಿಯ ಅಬ್ಬರ ಹೆಚ್ಚು, ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಮೃಗಶಿರದ ಹದಕ್ಕೆ ನೆಟ್ಟ ಸಸಿ ಆಷಾಢದ ಗಾಳಿಗೆ ಅಲ್ಲಾಡಿ, ಹೊಸ ಬೇರು ಹರಿದು ಒಣಗುತ್ತದೆ. ನೆಟ್ಟ ದಿನವೇ ಗಾಳಿ ಬರುವ ಪಶ್ಚಿಮದ ಬದಿಗೆ ಕೋಲು ಹುಗಿದು, ಸಡಿಲವಾಗಿ ಎಂಟರ ಆಕಾರದಲ್ಲಿ ದಾರ ಕಟ್ಟಬೇಕು. ಬಳ್ಳಿಗಳ ಚಪ್ಪರವನ್ನೂ ಬೀಜ ಹಾಕುವ ಮೊದಲೇ ಗಟ್ಟಿಯಾಗಿ ನಿಲ್ಲಿಸಿಕೊಳ್ಳಬೇಕು.

ಶುಕ್ಲಪಕ್ಷದಲ್ಲಿ ಬಿತ್ತಿದರೆ ಹೆಚ್ಚು ಬೆಳೆಯುತ್ತದೆಯೇ

ರೂಢಿಯ ನಿಯಮ ಸರಳವಾಗಿದೆ. ನೆಲದ ಮೇಲೆ ಫಲ ಕೊಡುವ ಗಿಡಗಳನ್ನು ಶುಕ್ಲಪಕ್ಷದಲ್ಲಿ, ಗೆಡ್ಡೆಗಳನ್ನು ಕೃಷ್ಣಪಕ್ಷದಲ್ಲಿ ಹಾಕಬೇಕು. ಸವರುವುದು, ಕಳೆ ಕೀಳುವುದು, ಬಿದಿರು ಕಡಿಯುವುದು ಕೃಷ್ಣಪಕ್ಷದಲ್ಲಿ. ಅಮಾವಾಸ್ಯೆಗೆ ಎತ್ತು ಹೂಡಬಾರದು. ಯುರೋಪಿನಲ್ಲೂ ಇಂತಹ ನಂಬಿಕೆಗಳು ಬಹಳ ಹಳೆಯವು. ಮೊಬೈಲಿನಲ್ಲಿ ಕಾಣುವ ಬೇರು, ಎಲೆ, ಹೂ, ಹಣ್ಣಿನ ದಿನಗಳ ವಿಂಗಡಣೆ ಮಾತ್ರ ಈಚಿನದು. 1924ರಲ್ಲಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ನೀಡಿದ ಕೃಷಿ ಉಪನ್ಯಾಸಗಳಿಂದ, ಆಕಾಶಕಾಯಗಳ ಚಲನೆಯನ್ನೂ ಲೆಕ್ಕಕ್ಕೆ ಹಿಡಿಯುವ ಬಯೋಡೈನಮಿಕ್ ಎಂಬ ಬೇಸಾಯ ಪದ್ಧತಿ ಹುಟ್ಟಿತು. ಆಮೇಲೆ ಜರ್ಮನಿಯ ಮರಿಯಾ ಥುನ್ ಚಂದ್ರ ಇರುವ ರಾಶಿಯನ್ನು ಆಧರಿಸಿ ಈ ದಿನಗಳನ್ನು ಗೊತ್ತುಮಾಡಿದರು. ನಮ್ಮ ಶುಕ್ಲ–ಕೃಷ್ಣ ಪಕ್ಷದ ಸುತ್ತು 29.5 ದಿನದ್ದು, ರಾಶಿಗಳ ಸುತ್ತು 27.3 ದಿನದ್ದು. ಎರಡೂ ಜೊತೆಯಾಗಿ ನಡೆಯುವುದಿಲ್ಲ. ಒಂದು ಕ್ಯಾಲೆಂಡರ್ ಒಳ್ಳೆಯದೆಂದ ದಿನವನ್ನು ಇನ್ನೊಂದು ಬೇಡವೆನ್ನುವುದು ಇದರಿಂದಲೇ.

ಇವುಗಳಿಗೆ ಕೊಡುವ ಕಾರಣ ಸಾಮಾನ್ಯವಾಗಿ ಹೀಗಿರುತ್ತದೆ: ಚಂದ್ರ ಸಮುದ್ರದ ನೀರನ್ನೇ ಎಳೆಯುತ್ತಾನೆ, ಅಂದ ಮೇಲೆ ಗಿಡದೊಳಗಿನ ರಸವನ್ನು ಎಳೆಯಲಾರನೇ? ಸಮುದ್ರ ಉಬ್ಬುವುದು ಅದು ಸಾವಿರಾರು ಕಿಲೋಮೀಟರ್ ಹರಡಿಕೊಂಡಿರುವುದರಿಂದ. ಅದರ ಒಂದು ಕಡೆಗೂ ಇನ್ನೊಂದು ಕಡೆಗೂ ಚಂದ್ರನ ಸೆಳೆತ ಬೇರೆಬೇರೆ. ಆ ವ್ಯತ್ಯಾಸವೂ ಭೂಮಿಯ ಸೆಳೆತದ ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು ಮಾತ್ರ. ಬಾವಿಯಲ್ಲಿ, ಬಕೀಟಿನಲ್ಲಿ, ಬದನೆ ಗಿಡದಲ್ಲಿ ಅದು ಏನನ್ನೂ ಎತ್ತುವುದಿಲ್ಲ. ಇನ್ನೊಂದು ಮುಖ್ಯ ಸಂಗತಿಯಿದೆ. ಸಮುದ್ರದ ಉಬ್ಬರ ಅತಿ ಹೆಚ್ಚಾಗುವುದು ಹುಣ್ಣಿಮೆಗೂ ಹೌದು, ಅಮಾವಾಸ್ಯೆಗೂ ಹೌದು. ಶುಕ್ಲಪಕ್ಷದಲ್ಲಿ ರಸ ಮೇಲೆ, ಕೃಷ್ಣಪಕ್ಷದಲ್ಲಿ ಕೆಳಗೆ ಎಂಬುದಕ್ಕೆ ಉಬ್ಬರವೇ ಸಾಕ್ಷಿ ನುಡಿಯುವುದಿಲ್ಲ. ಗಿಡದಲ್ಲಿ ನೀರು ಏರುವುದು ಮುಖ್ಯವಾಗಿ ಎಲೆಗಳಿಂದ ನೀರು ಆವಿಯಾಗುವುದರಿಂದ. ಆ ಕೆಲಸವನ್ನು ಬಿಸಿಲು ಮಾಡಿಸುತ್ತದೆ. ಬೆಳಕಿನ ಮಾತಿಗೆ ಬಂದರೂ, ಹುಣ್ಣಿಮೆಯ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲು. ಎಲೆ ಅದರಿಂದ ಆಹಾರ ತಯಾರಿಸಲಾರದು.

2020ರಲ್ಲಿ ಸ್ಪೇನಿನ ಸಂಶೋಧಕರು ಈ ವಿಷಯದ ಬರಹಗಳನ್ನು ಭೌತಶಾಸ್ತ್ರ ಮತ್ತು ಜೀವಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿ 'ಅಗ್ರಾನಮಿ' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಂದ್ರನ ಕಲೆಗಳನ್ನು ನೋಡಿ ಕೃಷಿ ಮಾಡುವ ರೂಢಿಗಳಿಗೆ ನಂಬಲರ್ಹ ವೈಜ್ಞಾನಿಕ ಆಧಾರ ಕಾಣುವುದಿಲ್ಲ ಎಂಬುದು ಅವರ ತೀರ್ಮಾನ.

ಹಾಗೆಂದು ರೂಢಿಯಲ್ಲಿ ಏನೂ ಇಲ್ಲ ಎನ್ನುವುದು ಸರಿಯಲ್ಲ. ಅಮಾವಾಸ್ಯೆಗೂ ಸೋಮವಾರಕ್ಕೂ ಆರು (ನೇಗಿಲು) ಕಟ್ಟದ ಪದ್ಧತಿಯಿಂದ ಎತ್ತುಗಳಿಗೆ ಯಾರೂ ತಪ್ಪಿಸಲಾಗದ ವಿಶ್ರಾಂತಿ ಸಿಕ್ಕಿತು. ಬಿದಿರನ್ನು ಹುಳು ಕೊರೆಯುವುದು ಅದರೊಳಗಿನ ಪಿಷ್ಟಕ್ಕಾಗಿ ಎಂಬುದು ಖಚಿತ. ಆ ಪಿಷ್ಟ ಋತುವಿನೊಂದಿಗೆ ಏರಿಳಿಯುತ್ತದೆ ಎಂಬುದೂ ಖಚಿತ. ಚಪ್ಪರದ ಗಳುಗಳಿಗೆ ತಿಥಿಗಿಂತ ಋತು ಮುಖ್ಯ, ಕಡಿದ ಮೇಲೆ ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವುದು ಇನ್ನೂ ಮುಖ್ಯ.

ಪಕ್ಷಗಳಿಗೆ ಮನೆ ತೋಟದಲ್ಲಿ ಒಂದು ಒಳ್ಳೆಯ ಉಪಯೋಗವಿದೆ. ದಂಟು, ಹರಿವೆ, ಮೆಂತ್ಯದಂತಹ ಸೊಪ್ಪು 25–30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಇದ್ದ ಬೀಜವನ್ನೆಲ್ಲ ಒಂದೇ ದಿನ ಚೆಲ್ಲಿದರೆ ಒಂದು ವಾರ ಸೊಪ್ಪು ಹೆಚ್ಚಾಗಿ ಹಂಚಬೇಕು, ಆಮೇಲೆ ತಿಂಗಳು ಪೂರ್ತಿ ಮಡಿ ಖಾಲಿ. ಪ್ರತಿ ಪಾಡ್ಯಕ್ಕೆ ಒಂದು ಸಣ್ಣ ಮಡಿ ಎಂದು ಗೊತ್ತುಮಾಡಿಕೊಂಡರೆ ಹದಿನೈದು ದಿನಕ್ಕೊಂದು ಸರದಿ ತಾನಾಗಿ ಏರ್ಪಡುತ್ತದೆ. ಈ ಸಲ ಮೇ 17, ಜೂನ್ 1, ಜೂನ್ 16ರ ಆಸುಪಾಸು ಪಾಡ್ಯಗಳಿವೆ. ಸಗಣಿ, ಗಂಜಲ, ಬೆಲ್ಲ ಕಲೆಸಿ ಹುಳಿಯಿಸಿದ ಜೀವಾಮೃತವನ್ನು ಗಿಡಗಳಿಗೆ ಕೊಡುವವರೂ ಇದೇ ಲೆಕ್ಕ ಇಟ್ಟುಕೊಳ್ಳಬಹುದು.

ಕತ್ತಲ ರಾತ್ರಿಗಳಲ್ಲಿ ಕೀಟ ಹಿಡಿಯುವುದು

ತೋಟದ ಕೆಲಸದಲ್ಲಿ ಚಂದ್ರ ನಿಜವಾಗಿ ಲೆಕ್ಕಕ್ಕೆ ಬರುವ ಒಂದು ಜಾಗವಿದೆ. ಅದರ ಬಗ್ಗೆ ಕ್ಯಾಲೆಂಡರುಗಳು ಮಾತಾಡುವುದೇ ಇಲ್ಲ.

ಮೊದಲ ಗುಡುಗು ಮಳೆ ಚೆನ್ನಾಗಿ ಬಿದ್ದ ಸಂಜೆ, ಕತ್ತಲಾಗುವ ಹೊತ್ತಿಗೆ, ಹೊಲದ ಬದುವಿನ ಬೇವಿನ ಮರದ ಕೆಳಗೆ ನಿಂತು ನೋಡಿ. ನೆಲದಿಂದ ಕಂದು ಬಣ್ಣದ ದುಂಬಿಗಳು ಗುಂಯ್‌ಗುಡುತ್ತ ಎದ್ದು ಬೇವು, ಎಲಚಿ ಗಿಡಗಳಿಗೆ ಮುತ್ತುತ್ತವೆ. ಇವು ಗೊಣ್ಣೆಹುಳುವಿನ ತಾಯಿತಂದೆ. ಎಲೆ ತಿಂದು, ಕೂಡಿ, ಮಣ್ಣಿಗೆ ಇಳಿದು ಮೊಟ್ಟೆ ಇಡುತ್ತವೆ. ಅದರಿಂದ ಹುಟ್ಟುವ ಬಿಳಿಯ, ಕೊಕ್ಕೆಯಂತೆ ಬಾಗಿದ ಹುಳು ಮಳೆಗಾಲವಿಡೀ ಶೇಂಗಾ, ಕಬ್ಬಿನ ಬೇರು ತಿನ್ನುತ್ತದೆ. ಚಳ್ಳಕೆರೆ, ಹಿರಿಯೂರು ಕಡೆಯ ಶೇಂಗಾ ಹೊಲಗಳನ್ನು ಕಾಡುವ ಕೆಂಪು ಕಂಬಳಿಹುಳುವಿನ ಪತಂಗವೂ ಮೊದಲ ದೊಡ್ಡ ಮಳೆಯ ಬೆನ್ನಿಗೇ ಹೊರಬರುತ್ತದೆ. ಬೇಸಿಗೆಯಿಡೀ ಕೋಶವಾಗಿ ಬದುವಿನ ಮಣ್ಣಿನಲ್ಲಿ, ಮರದ ನೆರಳಿನಲ್ಲಿ ಅಡಗಿರುತ್ತದೆ. ಬೇಸಿಗೆ ಉಳುಮೆ ಮಾಡಿದರೆ ಆ ಕೋಶಗಳು ಮೇಲೆ ಬಂದು ಹಕ್ಕಿಗಳ ಪಾಲಾಗುತ್ತವೆ.

ಎರಡೂ ಕೀಟಗಳು ಬೆಳಕಿಗೆ ಬರುತ್ತವೆ. ಅಗಲ ಬಾಯಿಯ ಪಾತ್ರೆಗೆ ನೀರು, ಸ್ವಲ್ಪ ಸೀಮೆಎಣ್ಣೆ ಅಥವಾ ಸೋಪಿನ ನೀರು ಹಾಕಿ, ಮೇಲೆ ಒಂದು ಬಲ್ಬು ತೂಗುಬಿಟ್ಟರೆ ಬೆಳಕಿನ ಬಲೆ ಸಿದ್ಧ. ಮಳೆ ಬಿದ್ದ ದಿನದಿಂದ ಕೆಲವು ಸಂಜೆ, 7ರಿಂದ 9.30ರವರೆಗೆ ಹಚ್ಚಿದರೆ ಸಾಕು. ರಾತ್ರಿಯಿಡೀ ಉರಿಸಿದರೆ ಉಪಕಾರಿ ಕೀಟಗಳೂ ಬಿದ್ದು ಸಾಯುತ್ತವೆ. ಆಕಾಶದಲ್ಲಿ ಹುಣ್ಣಿಮೆಯ ಬೆಳಕು ತುಂಬಿರುವಾಗ ಬಲ್ಬಿನ ಸೆಳೆತ ತಗ್ಗಿ ಬಲೆಗೆ ಬೀಳುವ ಕೀಟಗಳ ಸಂಖ್ಯೆ ಇಳಿಯುತ್ತದೆ, ಅಮಾವಾಸ್ಯೆಯ ಸುತ್ತ ಏರುತ್ತದೆ. ಇದನ್ನು ಕೀಟಶಾಸ್ತ್ರಜ್ಞರು ಹಲವು ಬಗೆಯ ಪತಂಗಗಳಲ್ಲಿ ಗಮನಿಸಿದ್ದಾರೆ. ಈ ವರ್ಷ ಮೇ 31ಕ್ಕೆ ಹುಣ್ಣಿಮೆ. ರೋಹಿಣಿಯ ಮೊದಲ ವಾರದಲ್ಲಿ ದೊಡ್ಡ ಮಳೆ ಬಿದ್ದರೆ ಬಲೆಯೊಂದನ್ನೇ ನಂಬಬಾರದು. ಬೇವಿನ ಕೊಂಬೆ ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆಗೆ ಬಿದ್ದ ದುಂಬಿಗಳನ್ನು ಸೋಪಿನ ನೀರಿಗೆ ಹಾಕಬೇಕು. ಮೃಗಶಿರದಲ್ಲಿ, ಜೂನ್ 14–15ರ ಅಮಾವಾಸ್ಯೆಯ ಹತ್ತಿರ ಮಳೆಯಾದರೆ ಬಲೆಗೆ ಒಳ್ಳೆಯ ಫಲ ಸಿಗುತ್ತದೆ. ಅಕ್ಕಪಕ್ಕದವರೆಲ್ಲ ಅದೇ ಸಂಜೆ ಬಲೆ ಇಟ್ಟರೆ ಇನ್ನೂ ಒಳ್ಳೆಯದು, ದುಂಬಿ ಬದುವನ್ನು ನೋಡಿ ಹಾರುವುದಿಲ್ಲ.

ಹಾಗಾದರೆ ಈ ಅಧಿಕ ಮಾಸದಲ್ಲಿ

ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶ, ಉಪನಯನದಂತಹ ಶುಭಕಾರ್ಯಗಳನ್ನು ಮುಂದೂಡುವುದು ವಾಡಿಕೆ. ನಿತ್ಯದ ಕೆಲಸ ನಿಲ್ಲುವುದಿಲ್ಲ. ಪ್ರತಿ ವರ್ಷ ಮಾಡುವ ಉಳುಮೆ, ಸಸಿಮಡಿ, ಗೆಡ್ಡೆ ಹೂಳುವುದು, ಕಾಲುವೆ ಎತ್ತುವುದು ನಿತ್ಯದ ಕೆಲಸಗಳೇ. ಅವನ್ನು ಮಳೆ ನಕ್ಷತ್ರ ನೋಡಿ, ಹದ ನೋಡಿ ಮಾಡಬಹುದು.

ಹೊಸ ತೋಟಕ್ಕೆ ಮೊದಲ ಸಸಿ ಇಡುವುದನ್ನು ಮಾತ್ರ ಅನೇಕ ಮನೆಗಳಲ್ಲಿ ಶುಭಕಾರ್ಯವೆಂದೇ ತಿಳಿಯುತ್ತಾರೆ, ಪೂಜೆ ಮಾಡಿ ನೆಡುತ್ತಾರೆ. ಅಂಥವರಿಗೂ ಈ ವರ್ಷ ತೊಂದರೆಯೇನಿಲ್ಲ. ಗುಂಡಿ ತೆಗೆದು, ಬಿಸಿಲು ಕೊಟ್ಟು, ಗೊಬ್ಬರ ತುಂಬಿ ಮುಗಿಸುವಷ್ಟರಲ್ಲಿ ಅಧಿಕ ಮಾಸ ಕಳೆಯುತ್ತದೆ. ಜೂನ್ 16ರಿಂದ ನಿಜ ಜ್ಯೇಷ್ಠದ ಶುಕ್ಲಪಕ್ಷ. ಆಗ ಮೃಗಶಿರ ಮಳೆ ನಡೆಯುತ್ತಿರುತ್ತದೆ, ವಾರದೊಳಗೆ ಆರಿದ್ರೆ ಹಿಡಿಯುತ್ತದೆ. ನೀರು ಬಸಿಯುವ ಕೆಂಪು ಮಣ್ಣಿನಲ್ಲಿ ಅಡಿಕೆ, ತೆಂಗು, ಮಾವು ನೆಡಲು ಬೇಸಾಯದ ಲೆಕ್ಕದಲ್ಲೂ ಅದು ತಕ್ಕ ಹೊತ್ತು. ಅಡಿಕೆ ಸಸಿ 12ರಿಂದ 18 ತಿಂಗಳಿನದಾಗಿ ಕನಿಷ್ಠ ಐದು ಎಲೆ ಬಿಟ್ಟಿರಲಿ. ನಡುವೆ 9 ಅಡಿ ಅಂತರವಿರಲಿ. ಎಳೆಯ ಅಡಿಕೆಗೆ ಬಿಸಿಲು ತಡೆಯುವ ಶಕ್ತಿಯಿಲ್ಲದ ಕಾರಣ ನೆರಳಿಗೆ ಬಾಳೆಯನ್ನೂ ಜೊತೆಗೇ ನೆಡಬೇಕು.

ನೀರು ನಿಲ್ಲುವ ಎರೆ ಭೂಮಿಯವರು ಅಡಿಕೆಗೆ ಜೂನ್ ತಿಂಗಳ ಆತುರ ಬಿಡುವುದು ಲೇಸು. ಅಂಥ ಮಣ್ಣಿನಲ್ಲಿ ಸಸಿ ನೆಡಲು ಆಗಸ್ಟ್–ಸೆಪ್ಟೆಂಬರ್ ಸರಿಯಾದ ಕಾಲ, ಅಂದರೆ ಮಘೆ, ಹುಬ್ಬೆ ಮಳೆಗಳ ದಿನಗಳು. ಅಲ್ಲಿಯವರೆಗೆ ಬಸಿಗಾಲುವೆ ತೋಡಿ, ನೆಲಕ್ಕೆ ಸೆಣಬು ಅಥವಾ ಹುರುಳಿ ಬಿತ್ತಿ, ಹೂ ಬರುವ ಹೊತ್ತಿಗೆ ಅದನ್ನು ಮಣ್ಣಿಗೆ ಸೇರಿಸಿಕೊಳ್ಳಬಹುದು.